ಚೋಪೌ ಇಂಜಿನ್ನಿನ ಋಣ

1957ರ ರೇಸ್ ಋತು ಮುಗಿಯುತ್ತಿದ್ದಂತೆ ಇಟಲಿಯ ಮೂರು ಮೋಟಾರ್‌ಸೈಕಲ್ ಕಂಪನಿಗಳು ಸೇರಿ ಒಂದು ತೀರ್ಮಾನ ಪ್ರಕಟಿಸಿದವು. ಗಿಲೆರಾ, ಮೋಟೊ ಗುಝಿ, ಮೊಂಡಿಯಾಲ್ ಮೂರೂ ಗ್ರಾಂಪ್ರಿ ರೇಸಿನಿಂದ ಹಿಂದೆ ಸರಿಯಲಿದ್ದವು. ರೇಸಿನ ಖರ್ಚು ಏರುತ್ತಿತ್ತು. ಅಗ್ಗದ ಪುಟ್ಟ ಕಾರುಗಳು ಬಂದು ಬೈಕಿನ ಮಾರಾಟ ಇಳಿಯುತ್ತಿತ್ತು. ಲೆಕ್ಕಪುಸ್ತಕ ನೋಡಿದವರಿಗೆ ತೀರ್ಮಾನ ತಪ್ಪೆನಿಸಲಿಲ್ಲ. ಆದರೆ ಆ ವರ್ಷದ ಚಾಂಪಿಯನ್ನರ ಪಟ್ಟಿ ನೋಡಿದರೆ ಅದು ಎಂಥ ಪೆಟ್ಟು ಎಂಬುದು ಗೊತ್ತಾಗುತ್ತದೆ. 500 ಸಿಸಿಯ ವಿಶ್ವ ಚಾಂಪಿಯನ್ ಲಿಬೆರೊ ಲಿಬೆರಾತಿ ಗಿಲೆರಾದವನು. 350ರ ಕೀತ್ ಕ್ಯಾಂಪ್‌ಬೆಲ್ ಗುಝಿಯವನು. 250ರ ಸೆಸಿಲ್ ಸ್ಯಾಂಡ್‌ಫರ್ಡ್, 125ರ ತಾರ್ಕ್ವಿನಿಯೊ ಪ್ರೊವಿನಿ ಇಬ್ಬರೂ ಮೊಂಡಿಯಾಲ್ ಸವಾರರು. ನಾಲ್ಕೂ ಕಿರೀಟ ಗೆದ್ದುಕೊಟ್ಟವರ ಕೈಯಿಂದ ಒಂದೇ ಪ್ರಕಟಣೆಯಲ್ಲಿ ಬೈಕು ಜಾರಿಹೋಯಿತು.

ಆಸ್ಟ್ರೇಲಿಯಾದ ಮೊದಲ ವಿಶ್ವ ಚಾಂಪಿಯನ್ ಎನಿಸಿದ್ದ ಕ್ಯಾಂಪ್‌ಬೆಲ್ ಮರುವರ್ಷ ಖಾಸಗಿಯಾಗಿ ನಾರ್ಟನ್ ಹತ್ತಿದ. 1958ರ ಜುಲೈನಲ್ಲಿ ಫ್ರಾನ್ಸಿನ ಕಡೂರ್ ಎಂಬಲ್ಲಿ ನಡೆದ ರೇಸಿನಲ್ಲಿ ಬಿದ್ದು ಸತ್ತ. ಆ ಮೂರು ಕಂಪನಿಗಳ ಮೇಲೆ ನಂಬಿಕೆದ್ರೋಹದ ಆರೋಪವನ್ನು ಯಾರೂ ಹೊರಿಸಲಿಲ್ಲ.

1957ರ ಆ ತೀರ್ಮಾನದ ನಾಲ್ಕು ವರ್ಷಗಳ ನಂತರ ಒಬ್ಬ ಸವಾರ ತನ್ನ ಕಂಪನಿಯನ್ನು ಬಿಟ್ಟುಹೋದ. ದ್ರೋಹ ಎಂಬ ಮಾತು ಈಗಲೂ ಅವನ ಹೆಸರಿಗೆ ಅಂಟಿಕೊಂಡಿದೆ. ಅವನ ಹೆಸರು ಎರ್ನ್ಸ್ಟ್ ಡೆಗ್ನರ್. ಅವನು ಬಿಟ್ಟದ್ದು ಪೂರ್ವ ಜರ್ಮನಿಯ ಎಂಝಡ್ ಕಂಪನಿಯನ್ನು, ಸೇರಿದ್ದು ಜಪಾನಿನ ಸುಜುಕಿಯನ್ನು.

ಮೊದಲು ಅವನು ಬಿಟ್ಟುಹೋದ ಮನೆಯನ್ನು ನೋಡಬೇಕು. ಸ್ಯಾಕ್ಸನಿಯ ಗುಡ್ಡಗಳ ನಡುವೆ ಚೋಪೌ ಎಂಬ ಸಣ್ಣ ಊರಿದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಅಲ್ಲಿನ ಡಿಕೆಡಬ್ಲ್ಯು ಕಾರ್ಖಾನೆ ಜಗತ್ತಿನಲ್ಲೇ ಅತಿ ಹೆಚ್ಚು ಮೋಟಾರ್‌ಸೈಕಲ್ ತಯಾರಿಸುತ್ತಿತ್ತು. ಟೂ ಸ್ಟ್ರೋಕ್ ಇಂಜಿನ್ನೇ ಅದರ ಹೆಗ್ಗಳಿಕೆ. ಯುದ್ಧ ಮುಗಿದ ಮೇಲೆ ಸೋವಿಯತ್ ಸೇನೆ ಅಲ್ಲಿನ ಯಂತ್ರಗಳನ್ನು ಬಿಚ್ಚಿ ಸಾಗಿಸಿತು. ಉಳಿದ ಗೋಡೆಗಳ ನಡುವೆ ಸರ್ಕಾರಿ ಕಾರ್ಖಾನೆಯೊಂದು ಮತ್ತೆ ಎದ್ದಿತು. 1950ರ ದಶಕದ ನಡುವಿನಿಂದ ಅದಕ್ಕೆ ಎಂಝಡ್ ಎಂಬ ಹೆಸರು. 1953ರಲ್ಲಿ ಅದರ ರೇಸ್ ವಿಭಾಗದ ಹೊಣೆ ವಾಲ್ಟರ್ ಕಾಡೆನ್ ಎಂಬ ಇಂಜಿನಿಯರ್ ಹೆಗಲಿಗೆ ಬಿತ್ತು.

ಕಾಡೆನ್ ಹುಟ್ಟಿದ್ದು 1919ರಲ್ಲಿ, ಚೋಪೌಗೆ ಹತ್ತಿರದಲ್ಲೇ. ಯುದ್ಧಕಾಲದಲ್ಲಿ ಹೆನ್ಶೆಲ್ ವಿಮಾನ ಕಂಪನಿಯ ಕ್ಷಿಪಣಿ ಯೋಜನೆಯಲ್ಲಿ ದುಡಿದವನು. ಯುದ್ಧ ಮುಗಿದ ಮೇಲೆ ಊರಿಗೆ ಮರಳಿ ಮರಗೆಲಸದ ವ್ಯಾಪಾರ ನಡೆಸುತ್ತ, ಬಿಡುವಿನಲ್ಲಿ ಹಳೆಯ ಡಿಕೆಡಬ್ಲ್ಯು ಬಿಡಿಭಾಗಗಳಿಂದ ತನ್ನದೇ ರೇಸ್ ಬೈಕು ಕಟ್ಟಿ ಓಡಿಸುತ್ತಿದ್ದ. ಅವನ ಕೈಗೆ ಸಿಕ್ಕ ರೇಸ್ ವಿಭಾಗದಲ್ಲಿ ಹಣವಿರಲಿಲ್ಲ, ಒಳ್ಳೆಯ ಲೋಹವಿರಲಿಲ್ಲ, ಪಶ್ಚಿಮದ ತಯಾರಕರು ಅಂಗಡಿಗೆ ಹೋಗಿ ಕೊಳ್ಳುತ್ತಿದ್ದ ಸಲಕರಣೆಗಳೂ ಇರಲಿಲ್ಲ. ಇದ್ದದ್ದು ಎಲ್ಲರೂ ಕೀಳಾಗಿ ಕಾಣುತ್ತಿದ್ದ ಟೂ ಸ್ಟ್ರೋಕ್ ಇಂಜಿನ್, ಮತ್ತು ಅದರ ಮೇಲೆ ಅವನಿಗಿದ್ದ ನಂಬಿಕೆ.

ಆಗ ರೇಸ್ ಎಂದರೆ ಫೋರ್ ಸ್ಟ್ರೋಕ್. ಎಂವಿ ಅಗುಸ್ಟಾ, ಗಿಲೆರಾ, ನಾರ್ಟನ್, ಆಮೇಲೆ ಬಂದ ಹೊಂಡಾ ಎಲ್ಲರೂ ಕವಾಟ, ಕ್ಯಾಮ್‌ಶಾಫ್ಟ್ ಇರುವ ಇಂಜಿನ್ನುಗಳನ್ನೇ ನೆಚ್ಚಿದ್ದರು. ಟೂ ಸ್ಟ್ರೋಕಿನಲ್ಲಿ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಏರಿಳಿಯುತ್ತ ಮುಚ್ಚಿ ತೆರೆಯುತ್ತದೆ. ಸುಟ್ಟ ಹೊಗೆ ಹೊರಹೋಗುವ ಹೊತ್ತಿನಲ್ಲೇ ಹೊಸ ಪೆಟ್ರೋಲ್-ಗಾಳಿ ಮಿಶ್ರಣ ಒಳಬರುವುದರಿಂದ ಅದರ ಒಂದು ಪಾಲು ಉರಿಯುವ ಮೊದಲೇ ಹೊಗೆಯ ಜೊತೆ ಸೋರಿಹೋಗುತ್ತದೆ. ಕಾಡೆನ್ ತಲೆ ಕೆಡಿಸಿಕೊಂಡದ್ದು ಈ ಸೋರಿಕೆಯನ್ನು ತಡೆಯುವುದು ಹೇಗೆ ಎಂದು.

ಉತ್ತರ ಸಿಕ್ಕಿದ್ದು ಸೈಲೆನ್ಸರಿನಲ್ಲಿ. ಹೊಗೆ ಕಿಂಡಿಯಿಂದ ನುಗ್ಗಿದಾಗ ಅದರ ಜೊತೆ ಒತ್ತಡದ ಒಂದು ಅಲೆಯೂ ಕೊಳವೆಯುದ್ದಕ್ಕೂ ಓಡುತ್ತದೆ. ಕೊಳವೆ ನಡುವೆ ಉಬ್ಬಿ ಆಮೇಲೆ ಕಿರಿದಾದರೆ, ಬಾವಿಯೊಳಗೆ ಕೂಗಿದ ದನಿ ಮರಳಿ ಬರುವ ಹಾಗೆ ಆ ಅಲೆ ಹಿಂದಿರುಗುತ್ತದೆ. ಮೊದಲು ಅದು ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಗೆ ಸೆಳೆಯುತ್ತದೆ. ಮರಳಿ ಬರುವಾಗ ಸೋರುತ್ತಿದ್ದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವ ಕ್ಷಣಕ್ಕೆ ಸರಿಯಾಗಿ ಒಳಕ್ಕೆ ತಳ್ಳುತ್ತದೆ. ಕೊಳವೆಯ ಉದ್ದ, ಉಬ್ಬು, ಇಳಿಜಾರುಗಳನ್ನು ಇಂಜಿನ್ನಿನ ವೇಗಕ್ಕೆ ಹೊಂದಿಸುವುದೇ ಕೌಶಲ. ಈ ವಿಚಾರವನ್ನು ಕಾಡೆನ್‌ಗಿಂತ ಮೊದಲೇ ಪಶ್ಚಿಮ ಜರ್ಮನಿಯ ಡಿಕೆಡಬ್ಲ್ಯುವಿನ ಎರಿಕ್ ವೋಲ್ಫ್ ಮುಟ್ಟಿ ನೋಡಿದ್ದ. ಆಸಿಲೋಸ್ಕೋಪಿನ ಪರದೆಯ ಮೇಲೆ ಆ ಅಲೆಗಳನ್ನು ಓದಿ, ವರ್ಷಗಟ್ಟಲೆ ಕೊಳವೆಗಳನ್ನು ಕತ್ತರಿಸಿ ಬೆಸೆದು, ಅದನ್ನೊಂದು ಶಾಸ್ತ್ರವನ್ನಾಗಿ ಮಾಡಿದವನು ಕಾಡೆನ್.

ಒಳಬರುವ ಕಡೆಗೆ ಅವನು ಬಳಸಿದ್ದು ರೋಟರಿ ಡಿಸ್ಕ್. ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ತಿರುಗುವ ತೆಳು ಉಕ್ಕಿನ ತಟ್ಟೆಯಲ್ಲಿ ಒಂದು ಕಡೆ ಕತ್ತರಿಸಿದ ಜಾಗ ಇರುತ್ತದೆ. ಆ ಜಾಗ ಕಿಂಡಿಯೆದುರು ಬಂದಾಗ ಮಾತ್ರ ಮಿಶ್ರಣ ಒಳಗೆ ಬರುತ್ತದೆ. ಈ ಉಪಾಯವನ್ನು ರೇಸಿನಲ್ಲಿ ಮಾಡಿ ತೋರಿಸಿದ್ದು ಡೇನಿಯಲ್ ಝಿಮ್ಮರ್‌ಮನ್ ಎಂಬ ಇನ್ನೊಬ್ಬ ಪೂರ್ವ ಜರ್ಮನ್ ಹವ್ಯಾಸಿ. ಕಾಡೆನ್ ಅದನ್ನು ಕೇಳಿ ಪಡೆದುಕೊಂಡ. ಇವೆರಡಕ್ಕೆ ಸಿಲಿಂಡರಿನಲ್ಲಿ ಮೂರನೆಯದೊಂದು ಕಿಂಡಿಯನ್ನೂ ಸೇರಿಸಿದ. ಅದು ಮಿಶ್ರಣವನ್ನೂ ಹೆಚ್ಚಿಸಿತು, ಕಾದ ಪಿಸ್ಟನ್ನನ್ನೂ ತಣಿಸಿತು.

1961ರ ಹೊತ್ತಿಗೆ ಎಂಝಡ್‌ನ ಒಂಟಿ ಸಿಲಿಂಡರಿನ 125 ಸಿಸಿ ಇಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅಂದರೆ ಲೀಟರಿಗೆ 200. ಸೂಪರ್‌ಚಾರ್ಜರಿನ ನೆರವಿಲ್ಲದೆ ಆ ಗೆರೆ ಮುಟ್ಟಿದ ಮೊದಲ ಇಂಜಿನ್ ಅದೇ. ಬಡ ಕಾರ್ಖಾನೆಯೊಂದು ಪ್ರಪಂಚದ ಎಲ್ಲ ಶ್ರೀಮಂತ ಕಂಪನಿಗಳಿಗಿಂತ ಮುಂದಿತ್ತು.

ಆ ಇಂಜಿನ್ನಿನ ಬೈಕು ಹತ್ತುತ್ತಿದ್ದ ಡೆಗ್ನರ್ ಬರಿಯ ಸವಾರನಲ್ಲ. 1931ರಲ್ಲಿ ಈಗ ಪೋಲೆಂಡಿಗೆ ಸೇರಿರುವ ಗ್ಲೈವಿಟ್ಸ್‌ನಲ್ಲಿ ಹುಟ್ಟಿ, ಯುದ್ಧದ ದಳ್ಳುರಿಯಲ್ಲಿ ಊರು ಬಿಟ್ಟು ಬಂದವನು. ಪಾಟ್ಸ್‌ಡಾಮ್‌ನಲ್ಲಿ ತಾಂತ್ರಿಕ ಶಿಕ್ಷಣ ಪಡೆದು, ಝಿಮ್ಮರ್‌ಮನ್ ಬೈಕಿನಲ್ಲಿ ಹೆಸರು ಮಾಡಿ, 1956ರಲ್ಲಿ ಎಂಝಡ್ ಸೇರಿದ. ಇಂಜಿನ್ ಬಿಚ್ಚಿದಾಗ ಕಾಡೆನ್ ಪಕ್ಕ ನಿಂತು ಎಲ್ಲವನ್ನೂ ಅರ್ಥಮಾಡಿಕೊಳ್ಳಬಲ್ಲವನು. ಕಾಡೆನ್ ಬಯಸಿದ್ದೂ ಇಂಥ ಸವಾರನನ್ನೇ. ಇಂಜಿನ್ ಎಲ್ಲಿ ಉಸಿರು ಕಟ್ಟುತ್ತದೆ, ಯಾವ ವೇಗದಲ್ಲಿ ಹಠಾತ್ತನೆ ಎಗರುತ್ತದೆ ಎಂಬುದನ್ನು ಮಾತಿನಲ್ಲಿ ಹೇಳಬಲ್ಲವನಿಲ್ಲದಿದ್ದರೆ ಆಸಿಲೋಸ್ಕೋಪ್ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. 1959ರ ಮೋಂಝಾದಲ್ಲಿ ಡೆಗ್ನರ್ ತನ್ನ ಮೊದಲ ಗ್ರಾಂಪ್ರಿ ಗೆದ್ದ, ಇಟಲಿಯ ನೆಲದಲ್ಲೇ ಇಟಲಿಯವರನ್ನು ಸೋಲಿಸಿ.

ಎಂಝಡ್‌ಗೆ ಒಳ್ಳೆಯ ಸವಾರರನ್ನು ಉಳಿಸಿಕೊಳ್ಳುವ ಶಕ್ತಿಯಿಲ್ಲ ಎಂಬುದೂ ಅದೇ ವರ್ಷ ಗೊತ್ತಾಗಿತ್ತು. ರೊಡೇಷಿಯಾದ ಗ್ಯಾರಿ ಹಾಕಿಂಗ್ ಎಂಝಡ್‌ನ 250 ಸಿಸಿ ಬೈಕಿನಲ್ಲಿ ಸ್ವೀಡನ್ ಮತ್ತು ಅಲ್ಸ್ಟರ್ ಗ್ರಾಂಪ್ರಿಗಳನ್ನು ಗೆದ್ದ. ಈ ಬೆದರಿಕೆಯನ್ನು ಗುರುತಿಸಿದ ಎಂವಿ ಅಗುಸ್ಟಾದ ಒಡೆಯ ಕೌಂಟ್ ಡೊಮೆನಿಕೊ ಅಗುಸ್ಟಾ 1960ಕ್ಕೆ ಹಾಕಿಂಗ್‌ನನ್ನೇ ಕೊಂಡುಬಿಟ್ಟ. ಮರುವರ್ಷ ಹಾಕಿಂಗ್ 350, 500 ಎರಡರಲ್ಲೂ ಚಾಂಪಿಯನ್. ಇದನ್ನು ದ್ರೋಹ ಎಂದು ಯಾರಾದರೂ ಕರೆದರೇ? ಇಲ್ಲ. ವ್ಯವಹಾರ ಎಂದರು. ಹಾಕಿಂಗ್‌ಗೆ ಪಾಸ್‌ಪೋರ್ಟ್ ಇತ್ತು, ಸಹಿ ಹಾಕಿ ಹೋಗುವ ಸ್ವಾತಂತ್ರ್ಯವಿತ್ತು. ಡೆಗ್ನರ್‌ಗೆ ಎರಡೂ ಇರಲಿಲ್ಲ. ಅವನು ಪ್ರಪಂಚದ ರೇಸ್ ಟ್ರ್ಯಾಕುಗಳನ್ನು ಸುತ್ತುತ್ತಿದ್ದಾಗ ಹೆಂಡತಿ ಮತ್ತು ಇಬ್ಬರು ಪುಟ್ಟ ಮಕ್ಕಳು ಊರಿನಲ್ಲೇ ಉಳಿಯಬೇಕಿತ್ತು. ಗೆದ್ದ ವಿದೇಶಿ ಹಣ ಸರ್ಕಾರದ ಪಾಲಾಗುತ್ತಿತ್ತು. ತನ್ನ ಹಿಂದೆ ಬರುತ್ತಿದ್ದ ಸವಾರರು ಏನು ಗಳಿಸುತ್ತಾರೆ, ಹೇಗೆ ಬದುಕುತ್ತಾರೆ ಎಂಬುದು ಅವನಿಗೆ ಪ್ರತಿ ವಾರ ಕಣ್ಣಿಗೆ ಬೀಳುತ್ತಿತ್ತು.

ಪಶ್ಚಿಮದ ಸವಾರರ ಬದುಕೂ ಹೂವಿನ ಹಾಸಿಗೆಯೇನಾಗಿರಲಿಲ್ಲ. 1955ರಲ್ಲಿ ಹಾಲೆಂಡಿನ ಆಸ್ಸೆನ್‌ನಲ್ಲಿ ಖಾಸಗಿ ಸವಾರರು ರೇಸಿಗಿಳಿದದ್ದಕ್ಕೆ ಕೊಡುತ್ತಿದ್ದ ಪುಡಿಗಾಸಿನ ಸ್ಟಾರ್ಟ್ ಮನಿಯನ್ನು ವಿರೋಧಿಸಿ ಒಂದೇ ಸುತ್ತು ಹಾಕಿ ನಿಂತುಬಿಟ್ಟರು. ಗಿಲೆರಾದ ದೊಡ್ಡ ತಾರೆ ಜೆಫ್ ಡ್ಯೂಕ್ ತನಗೇನೂ ಲಾಭವಿಲ್ಲದಿದ್ದರೂ ಅವರ ಬೆನ್ನಿಗೆ ನಿಂತ. ಅಂತರರಾಷ್ಟ್ರೀಯ ಒಕ್ಕೂಟ ಎಫ್ಐಎಂ ಅವನಿಗೆ ಕೊಟ್ಟ ಬಹುಮಾನ ಆರು ತಿಂಗಳ ನಿಷೇಧ. ಸವಾರರ ಒಗ್ಗಟ್ಟನ್ನು ಈ ಉದ್ಯಮ ಶಿಕ್ಷಿಸುತ್ತಿತ್ತು. ಕಂಪನಿಯ ಮೇಲಿನ ನಿಷ್ಠೆಯನ್ನು ಮಾತ್ರ ಬೇಡುತ್ತಿತ್ತು.

ಈಗ ಸುಜುಕಿಯ ಕಡೆಗೆ ಬರೋಣ. ಹಮಾಮಾತ್ಸುವಿನ ಈ ಕಂಪನಿ 1909ರಲ್ಲಿ ಮಗ್ಗ ತಯಾರಿಸಲು ಹುಟ್ಟಿದ್ದು. 1960ರಲ್ಲಿ ಅದು ಐಲ್ ಆಫ್ ಮ್ಯಾನ್ ಟಿಟಿಗೆ ತನ್ನ ಟೂ ಸ್ಟ್ರೋಕ್ 125ಗಳನ್ನು ಹೊತ್ತು ಬಂದು 15, 16 ಮತ್ತು 18ನೇ ಸ್ಥಾನ ಪಡೆಯಿತು. 1961ರಲ್ಲಂತೂ ಇಂಜಿನ್ನುಗಳು ಸಾಲಾಗಿ ಕೈಕೊಟ್ಟವು. ನೆರೆಯ ಹೊಂಡಾ ಅದೇ ವರ್ಷ ವಿಶ್ವ ಚಾಂಪಿಯನ್ ಆಗುವ ದಾರಿಯಲ್ಲಿತ್ತು. ಆ ವರ್ಷದ ಟಿಟಿಯಲ್ಲಿ ಸುಜುಕಿ ಮತ್ತು ಎಂಝಡ್ ತಂಡಗಳು ಇಳಿದುಕೊಂಡಿದ್ದು ಒಂದೇ ಹೋಟೆಲಿನಲ್ಲಿ. ಒಬ್ಬರಿಗೆ ಹಣವಿತ್ತು, ಇಂಜಿನ್ ಇರಲಿಲ್ಲ. ಇನ್ನೊಬ್ಬರಿಗೆ ಇಂಜಿನ್ ಇತ್ತು, ಹಣವಿರಲಿಲ್ಲ. ಮಾತುಕತೆ ಅಲ್ಲಿ ಕುದುರಿತು. ಈ ಪ್ರಕರಣವನ್ನು ಆಳವಾಗಿ ಕೆದಕಿ 2009ರಲ್ಲಿ ‘ಸ್ಟೀಲಿಂಗ್ ಸ್ಪೀಡ್’ ಎಂಬ ಪುಸ್ತಕ ಬರೆದ ಬ್ರಿಟಿಷ್ ಪತ್ರಕರ್ತ ಮ್ಯಾಟ್ ಆಕ್ಸ್‌ಲಿ ಪ್ರಕಾರ ಒಪ್ಪಂದದ ಮೊತ್ತ 10,000 ಪೌಂಡ್. ಜೊತೆಗೆ 1962ಕ್ಕೆ ಸುಜುಕಿ ತಂಡದಲ್ಲಿ ಸವಾರನ ಜಾಗ. ಬದಲಿಗೆ ಡೆಗ್ನರ್ ಕೊಡಬೇಕಿದ್ದದ್ದು ಚೋಪೌನ ಗುಟ್ಟು.

ಇತ್ತ ರೇಸಿನಲ್ಲಿ ಅವನು ಹಿಂದೆಂದೂ ಇಲ್ಲದ ಲಯದಲ್ಲಿದ್ದ. ಹಾಕನ್‌ಹೈಮ್‌ನಲ್ಲಿ ಗೆಲುವು. ಜುಲೈ 30ರಂದು ಸಾಕ್ಸನ್‌ರಿಂಗ್‌ನಲ್ಲಿ, ಚೋಪೌಗೆ ದೂರವಲ್ಲದ ತವರು ನೆಲದಲ್ಲಿ, ಲಕ್ಷಗಟ್ಟಲೆ ಜನರೆದುರು ಗೆಲುವು. 125 ಸಿಸಿ ಪಟ್ಟಕ್ಕೆ ಅವನಿಗೂ ಹೊಂಡಾದ ಆಸ್ಟ್ರೇಲಿಯನ್ ಸವಾರ ಟಾಮ್ ಫಿಲಿಸ್‌ಗೂ ನೇರ ಪೈಪೋಟಿ. ಗೆದ್ದರೆ ಟೂ ಸ್ಟ್ರೋಕಿಗೆ ಮೊಟ್ಟಮೊದಲ ವಿಶ್ವ ಪಟ್ಟ.

ಸಾಕ್ಸನ್‌ರಿಂಗ್ ಗೆಲುವಿನ ಎರಡು ವಾರಕ್ಕೆ, ಆಗಸ್ಟ್ 13ರಂದು, ಬರ್ಲಿನ್ ನಗರದ ನಡುವೆ ಮುಳ್ಳುತಂತಿ ಎದ್ದಿತು. ಅಲ್ಲಿಯವರೆಗೆ ಪಶ್ಚಿಮಕ್ಕೆ ಹೋಗಬೇಕೆಂದವರು ಬರ್ಲಿನ್‌ನಲ್ಲಿ ರೈಲು ಹತ್ತಿ ನಾಲ್ಕು ನಿಲ್ದಾಣ ದಾಟಿದರೆ ಸಾಕಿತ್ತು. ಆ ದಾರಿ ಮುಚ್ಚಿತು. ಗಂಡ ದೇಶದ ಹೊರಗಿದ್ದಾಗ ಹೆಂಡತಿ ಮಕ್ಕಳು ಒಳಗೆ ಒತ್ತೆಯಾಳುಗಳಂತೆ. ಡೆಗ್ನರ್ ಹೋಗುವುದಿದ್ದರೆ ನಾಲ್ಕೂ ಜನ ಒಂದೇ ಹೊತ್ತಿನಲ್ಲಿ ಹೋಗಬೇಕಿತ್ತು.

ಸೆಪ್ಟೆಂಬರ್ 3ರಂದು ಮೋಂಝಾದಲ್ಲಿ ಡೆಗ್ನರ್ ಮತ್ತೆ ಗೆದ್ದ. ಎರಡು ವಾರ ಕಳೆದು, ಸೆಪ್ಟೆಂಬರ್ 17ರ ಭಾನುವಾರ, ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ರೇಸು. ಪಟ್ಟಿಯಲ್ಲಿ ಡೆಗ್ನರ್ ಮುಂದಿದ್ದ. ಅಲ್ಲಿ ಚೆನ್ನಾಗಿ ಓಡಿದರೆ ಚಾಂಪಿಯನ್‌ಷಿಪ್ ಹೆಚ್ಚುಕಡಿಮೆ ಕೈಯಲ್ಲೇ. ಶುರುವಿನಲ್ಲಿ ಮುಂದಿದ್ದವನೂ ಅವನೇ. ಕೆಲವೇ ಸುತ್ತುಗಳಲ್ಲಿ ಇಂಜಿನ್ ಸೀಜ್ ಆಯಿತು. ಹೊಂಡಾದ ಲುಯಿಜಿ ತಾವೇರಿ ಗೆದ್ದ.

ಅದೇ ವಾರಾಂತ್ಯದಲ್ಲಿ, ನೂರಾರು ಕಿಲೋಮೀಟರ್ ದೂರದ ಜರ್ಮನಿಯಲ್ಲಿ, ಗೆಳೆಯನೊಬ್ಬನ ದೊಡ್ಡ ಅಮೆರಿಕನ್ ಕಾರಿನ ಹಿಂಭಾಗದಲ್ಲಿ ಅಡಗಿದ್ದ ಡೆಗ್ನರ್ ಹೆಂಡತಿ ಗಡಿ ದಾಟಿದಳು. ಮಕ್ಕಳು ಅಳಬಾರದೆಂದು ನಿದ್ದೆ ಬರಿಸುವ ಔಷಧಿ ಕೊಟ್ಟು ಜೊತೆಯಲ್ಲೇ ಮಲಗಿಸಿಕೊಂಡಿದ್ದಳು. ಕಾವಲುಗಾರರು ಡಿಕ್ಕಿ ಬಡಿದು ನೋಡಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು. ರೇಸ್ ಮುಗಿದ ಮೇಲೆ ಡೆಗ್ನರ್ ತಂಡದ ಕಣ್ಣು ತಪ್ಪಿಸಿ ಡೆನ್ಮಾರ್ಕಿಗೆ, ಅಲ್ಲಿಂದ ಪಶ್ಚಿಮ ಜರ್ಮನಿಗೆ ಹೋಗಿ ಅವರನ್ನು ಸೇರಿಕೊಂಡ. ಚೋಪೌಗೆ ಹೊರಟ ಎಂಝಡ್ ಲಾರಿಯಲ್ಲಿ ಅವನ ಜಾಗ ಖಾಲಿಯಿತ್ತು.

ಎಂಝಡ್ ಸುಮ್ಮನಾಗಲಿಲ್ಲ. ಡೆಗ್ನರ್ ಬೇಕೆಂದೇ ಇಂಜಿನ್ ಕೆಡಿಸಿದ ಎಂದು ಎಫ್ಐಎಂಗೆ ದೂರು ಹೋಯಿತು. ಪೂರ್ವ ಜರ್ಮನಿ ಅವನ ರೇಸ್ ಲೈಸೆನ್ಸ್ ರದ್ದು ಮಾಡಿತು. ಬೇಕೆಂದೇ ಕೆಡಿಸಿದ ಎಂಬುದು ನನಗೆ ನಂಬಲರ್ಹವೆನಿಸುವುದಿಲ್ಲ. ತನ್ನ ಜೀವಮಾನದ ಮೊದಲ ವಿಶ್ವ ಪಟ್ಟ ಎದುರಿಗಿರುವಾಗ ಅದನ್ನು ಎಸೆದು ಓಡುವ ಅಗತ್ಯ ಯಾವ ಸವಾರನಿಗೂ ಇರುವುದಿಲ್ಲ. ಗೆದ್ದ ಮೇಲೂ ಅದೇ ರಾತ್ರಿ ಅದೇ ದಾರಿಯಲ್ಲಿ ಹೋಗಬಹುದಿತ್ತು. ಆ ಇಂಜಿನ್ನುಗಳು ಅಂಚಿನ ಮೇಲೆ ಓಡುತ್ತಿದ್ದವು, ಸೀಜ್ ಆಗುವುದು ಅವುಗಳಿಗೆ ಹೊಸದಲ್ಲ.

ಕೊನೆಯ ರೇಸು ಅಕ್ಟೋಬರಿನಲ್ಲಿ ಅರ್ಜೆಂಟೀನಾದಲ್ಲಿ. ಡೆಗ್ನರ್ ಬ್ರಿಟನ್ನಿನ ಜೋ ಎರ್ಲಿಕ್ ಕಟ್ಟಿದ ಇಎಂಸಿ ಬೈಕಿನಲ್ಲಿ ಓಡಲು ಏರ್ಪಾಡು ಮಾಡಿಕೊಂಡ. ಬೈಕು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಫಿಲಿಸ್ ಆ ರೇಸ್ ಗೆದ್ದ, ಪಟ್ಟವನ್ನೂ ಗೆದ್ದ. ಹೊಂಡಾಗೆ ಅದು ಮೊದಲ ವಿಶ್ವ ಪಟ್ಟಗಳ ವರ್ಷ. ಆ ಸಂತೋಷವನ್ನು ಫಿಲಿಸ್ ಹೆಚ್ಚು ಕಾಲ ಅನುಭವಿಸಲಿಲ್ಲ. 1962ರ ಜೂನಿನ ಟಿಟಿಯಲ್ಲಿ ತೀರಿಕೊಂಡ. ಅವನ ಗೆಳೆಯ ಹಾಕಿಂಗ್ ಆ ದುಃಖದಲ್ಲೇ ಬೈಕ್ ರೇಸ್ ಬಿಟ್ಟು ಕಾರ್ ರೇಸಿಗೆ ಹೋದ. ಆ ಡಿಸೆಂಬರಿನಲ್ಲಿ ಅವನೂ ಹೋದ.

ಡೆಗ್ನರ್ 1961ರ ನವೆಂಬರಿನಲ್ಲಿ ಹಮಾಮಾತ್ಸು ತಲುಪಿದ. ಅವನು ಪೆಟ್ಟಿಗೆಯಲ್ಲಿ ಏನೇನು ಒಯ್ದ ಎಂಬ ಬಗ್ಗೆ ಹತ್ತಾರು ಕಥೆಗಳಿವೆ: ಪಿಸ್ಟನ್, ಸಿಲಿಂಡರ್, ನಕ್ಷೆಗಳು. ನಿಜಕ್ಕೂ ಬೆಲೆಬಾಳುವ ಸರಕು ಗಡಿಯಲ್ಲಿ ಯಾರೂ ತಪಾಸಣೆ ಮಾಡಲಾಗದ ಜಾಗದಲ್ಲಿತ್ತು. ಕೊಳವೆ ಎಷ್ಟು ಉದ್ದ, ಕಿಂಡಿ ಎಷ್ಟು ಎತ್ತರ, ತಟ್ಟೆ ಯಾವ ಕೋನದಲ್ಲಿ ತೆರೆದು ಯಾವ ಕೋನದಲ್ಲಿ ಮುಚ್ಚಬೇಕು, ಯಾವ ಲೋಹ ತಡೆದುಕೊಳ್ಳುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಇವುಗಳಿಗಿಂತ ಮುಖ್ಯವಾಗಿ, ಯಾವುದು ಫಲ ಕೊಡುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಕಾಡೆನ್ ಎಂಟು ವರ್ಷ ತಪ್ಪುದಾರಿಗಳನ್ನು ಒಂದೊಂದಾಗಿ ಮುಚ್ಚಿಕೊಂಡು ಬಂದಿದ್ದ. ಸುಜುಕಿಗೆ ಆ ಎಂಟು ವರ್ಷ ಒಂದು ಚಳಿಗಾಲದಲ್ಲಿ ಸಿಕ್ಕಿತು.

ಫಲ ತಡವಾಗಲಿಲ್ಲ. 1962ರಲ್ಲಿ 50 ಸಿಸಿಗೆ ಮೊದಲ ಬಾರಿ ವಿಶ್ವ ಚಾಂಪಿಯನ್‌ಷಿಪ್ ಏರ್ಪಟ್ಟಿತು. ಡೆಗ್ನರ್ ಐಲ್ ಆಫ್ ಮ್ಯಾನ್, ಹಾಲೆಂಡ್, ಬೆಲ್ಜಿಯಂ, ಪಶ್ಚಿಮ ಜರ್ಮನಿ ನಾಲ್ಕರಲ್ಲಿ ಗೆದ್ದು ಚಾಂಪಿಯನ್ ಆದ. ಸುಜುಕಿಗೆ ಅದು ಮೊದಲ ವಿಶ್ವ ಪಟ್ಟ, ಟೂ ಸ್ಟ್ರೋಕಿಗೂ ಮೊದಲನೆಯದು. ಎರಡು ವರ್ಷದ ಹಿಂದೆ 15ನೇ ಸ್ಥಾನಕ್ಕೆ ಏದುಸಿರು ಬಿಟ್ಟಿದ್ದ ಕಂಪನಿ. ಮರುವರ್ಷ ನ್ಯೂಜಿಲೆಂಡಿನ ಹ್ಯೂ ಆಂಡರ್ಸನ್ ಸುಜುಕಿಗೆ 50 ಮತ್ತು 125ರ ಎರಡೂ ಪಟ್ಟ ತಂದ. ಯಮಹಾ ಕೂಡ ಅದೇ ಹಾದಿ ಹಿಡಿಯಿತು. ರೋಟರಿ ಡಿಸ್ಕ್ ಇದ್ದ ಅದರ 250ರಲ್ಲಿ ಫಿಲ್ ರೀಡ್ 1964ರ ಚಾಂಪಿಯನ್.

ಚೋಪೌನಲ್ಲಿ ಕಾಡೆನ್ ಉಳಿದ. ತನ್ನ ನೆಚ್ಚಿನ ಸವಾರ ಹೋಗಿದ್ದ, ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಯ ಅನುಮಾನದ ಕಣ್ಣು ಅವನ ವಿಭಾಗದ ಮೇಲೆ ಬಿದ್ದಿತ್ತು. ಬರ್ಲಿನ್ ಗೋಡೆ ಎದ್ದ ನಂತರ ನೇಟೋ ದೇಶಗಳು ಪೂರ್ವ ಜರ್ಮನ್ ಕ್ರೀಡಾಪಟುಗಳಿಗೆ ಪ್ರವೇಶ ಬಿಗಿಗೊಳಿಸಿದ್ದರಿಂದ ಎಷ್ಟೋ ರೇಸುಗಳಿಗೆ ತಂಡ ಹೋಗಲೂ ಆಗುತ್ತಿರಲಿಲ್ಲ. ಆದರೂ 1963ರಲ್ಲಿ ಬ್ರಿಟಿಷ್ ಸವಾರ ಮೈಕ್ ಹೈಲ್‌ವುಡ್ ಸಾಕ್ಸನ್‌ರಿಂಗ್‌ನಲ್ಲಿ ಎಂಝಡ್ 250 ಹತ್ತಿ ಗೆದ್ದುಕೊಟ್ಟ. ಆ ಇಂಜಿನ್ನಿಗೆ ಒಳ್ಳೆಯ ಸವಾರನೊಬ್ಬ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅದು ಸಾಕ್ಷಿ. ಎಂಝಡ್ ಒಮ್ಮೆಯೂ ವಿಶ್ವ ಚಾಂಪಿಯನ್ ಆಗಲಿಲ್ಲ. ತನ್ನ ವಿದ್ಯೆಯಿಂದ ಬೇರೆಯವರು ಚಿನ್ನ ತೆಗೆಯುವುದನ್ನು ನೋಡುತ್ತ ಕಾಡೆನ್ ಅಲ್ಲೇ ಕೆಲಸ ಮಾಡಿದ. 1996ರಲ್ಲಿ ತೀರಿಕೊಂಡ.

ಡೆಗ್ನರ್ ಮಾಡಿದ್ದು ತಪ್ಪೋ ಸರಿಯೋ ಎಂದು ಕೇಳುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟುತ್ತಾರೆ. ಹೆಂಡತಿ ಮಕ್ಕಳನ್ನು ಮುಳ್ಳುತಂತಿಯ ಆಚೆಗೆ ಒಯ್ದದ್ದು ಒಂದು. ಆ ದೇಶಕ್ಕೆ ಅವನು ನಿಷ್ಠೆಯ ಬಾಕಿಯೇನೂ ಉಳಿಸಿಕೊಂಡಿರಲಿಲ್ಲ. ಬಾಗಿಲಿಗೆ ಬೀಗ ಹಾಕಿದ ಮನೆಯಲ್ಲಿ ಇರುವವರನ್ನು ನಿಷ್ಠಾವಂತರೆಂದು ಕರೆಯಲಾಗದು. ಕಾಡೆನ್‌ನ ವಿದ್ಯೆಯನ್ನು ಹಣಕ್ಕೆ ಕೊಟ್ಟದ್ದು ಇನ್ನೊಂದು. ಅದು ಉಂಡ ಮನೆಯ ಜಂತೆ ಎಣಿಸಿದ ಕೆಲಸವೇ. ಆ ಇಂಜಿನ್ ಪೂರ್ವ ಜರ್ಮನ್ ಸರ್ಕಾರದ ಬುದ್ಧಿಯಿಂದ ಹುಟ್ಟಿದ್ದಲ್ಲ. ಒಬ್ಬ ಮನುಷ್ಯ ಬಡತನದಲ್ಲಿ ಕಟ್ಟಿದ್ದು, ಪಕ್ಕದಲ್ಲಿ ನಿಂತವನನ್ನು ನಂಬಿ ಹೇಳಿಕೊಟ್ಟದ್ದು. ಮೊದಲನೆಯದಕ್ಕೆ ಎರಡನೆಯದು ಬೆಲೆಯಾಗಿತ್ತು ಎಂಬುದು ನಿಜ. ಬರಿಗೈಯಲ್ಲಿ ಹೋದ ಸವಾರನಿಗೆ ಅಷ್ಟು ಹಣ ಯಾರು ಕೊಡುತ್ತಿದ್ದರು? ಆದರೂ ಆ ಬೆಲೆ ತೆತ್ತವನು ಡೆಗ್ನರ್ ಅಲ್ಲ, ಕಾಡೆನ್.

ಮತ್ತೆ ಡೆಗ್ನರ್‌ನ ಕೊನೆಯ ವರ್ಷಗಳು. ಹೊಂಡಾ ಕಟ್ಟಿಸಿದ ಸುಜುಕಾ ಟ್ರ್ಯಾಕ್ 1962ರಲ್ಲಿ ತೆರೆದಾಗ ನವೆಂಬರಿನ ಮೊದಲ ದೊಡ್ಡ ರೇಸಿನಲ್ಲಿ ಅವನು ಒಂದು ತಿರುವಿನಲ್ಲಿ ಬಿದ್ದ. ಎದುರಾಳಿ ಕಂಪನಿಯ ಸವಾರನಾದರೂ ಆ ತಿರುವಿಗೆ ಅವನದೇ ಹೆಸರು ನಿಂತಿತು. ಇಂದು ಫಾರ್ಮುಲಾ ಒನ್ ನೋಡುವವರೂ ‘ಡೆಗ್ನರ್’ ಎಂಬ ಹೆಸರು ಕೇಳುತ್ತಾರೆ, ಮನುಷ್ಯ ಯಾರೆಂದು ತಿಳಿಯದೆ. ಅದೇ ಟ್ರ್ಯಾಕಿನಲ್ಲಿ ಮರುವರ್ಷದ ನವೆಂಬರಿನಲ್ಲಿ 250 ಸಿಸಿ ರೇಸಿನ ಮೊದಲ ಸುತ್ತಿನಲ್ಲೇ ಬಿದ್ದಾಗ ತುಂಬಿದ ಟ್ಯಾಂಕಿಗೆ ಬೆಂಕಿ ಹತ್ತಿತು. ಮುಖ, ಮೈ ಸುಟ್ಟವು. 50ಕ್ಕೂ ಹೆಚ್ಚು ಸಲ ಚರ್ಮ ಕಸಿ ಮಾಡಬೇಕಾಯಿತು. 1964ರಲ್ಲಿ ಮರಳಿ ಬಂದ, 1965ರಲ್ಲಿ ಗೆದ್ದೂ ತೋರಿಸಿದ, 1966ರಲ್ಲಿ ನಿಲ್ಲಿಸಿದ. ನೋವಿನ ಔಷಧಿಯ ಚಟ ಮಾತ್ರ ಬಿಡಲಿಲ್ಲ. 1983ರಲ್ಲಿ ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ, 51ನೇ ವಯಸ್ಸಿನಲ್ಲಿ ಸತ್ತ.

ಈ ಪ್ರಕರಣದ ನಂತರ ಉದ್ಯಮ ಪಾಠ ಕಲಿಯಿತು. ಪಾಠ ನೀತಿಯದಲ್ಲ, ಕರಾರಿನದು. ಹೊಂಡಾ 1968ರ ಶುರುವಿನಲ್ಲಿ ರೇಸಿನಿಂದ ಹಿಂದೆ ಸರಿದಾಗ ಆಗ ತನ್ನ ಸವಾರನಾಗಿದ್ದ ಹೈಲ್‌ವುಡ್‌ಗೆ 50,000 ಪೌಂಡ್ ಕೊಟ್ಟಿತು, ಗ್ರಾಂಪ್ರಿಯಲ್ಲಿ ಬೇರೆಯವರ ಬೈಕು ಹತ್ತಬಾರದೆಂದು. ಸವಾರ ಓಡಿದ್ದಕ್ಕೆ ಕೊಡುವ ಹಣದಷ್ಟೇ ಸಹಜವಾಗಿ ಓಡದಿರುವುದಕ್ಕೂ ಹಣ ಬಂತು. 2003ರಲ್ಲಿ ವ್ಯಾಲೆಂಟಿನೊ ರೊಸ್ಸಿ ಹೊಂಡಾದಲ್ಲಿ ಪಟ್ಟ ಗೆದ್ದು ಯಮಹಾಗೆ ಹೊರಟ. ಕರಾರು ಡಿಸೆಂಬರ್ 31ರವರೆಗೆ ಇತ್ತು. ಅದಕ್ಕೆ ಒಂದು ದಿನ ಮುಂಚೆಯೂ ಯಮಹಾ ಮುಟ್ಟಲು ಹೊಂಡಾ ಬಿಡಲಿಲ್ಲ. ಅಷ್ಟು ಕಾವಲಿಟ್ಟರೂ ರೊಸ್ಸಿಯ ಜೊತೆ ಅವನ ಮುಖ್ಯ ಮೆಕ್ಯಾನಿಕ್ ಜೆರೆಮಿ ಬರ್ಜೆಸ್ ಕೂಡ ಹೋದ. ಹೊಂಡಾದ ಬೈಕು ಹೇಗೆ ತಿರುವಿನಲ್ಲಿ ಕಚ್ಚುತ್ತದೆ ಎಂಬ ತಿಳಿವಳಿಕೆಯನ್ನು ಯಾವ ಕರಾರೂ ಅವರ ತಲೆಯಿಂದ ವಾಪಸು ಪಡೆಯಲಾರದು. 2004ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ವೆಲ್ಕಮ್‌ನಲ್ಲಿ ರೊಸ್ಸಿ ಯಮಹಾ ಮೇಲೆ ಮೊದಲ ರೇಸನ್ನೇ ಗೆದ್ದ. ಇದನ್ನು ಯಾರೂ ಕಳ್ಳತನವೆನ್ನಲಿಲ್ಲ, ಜೇಬಿನಲ್ಲಿ ಪಾಸ್‌ಪೋರ್ಟ್ ಇದ್ದವರು ಮಾಡಿದ್ದರಿಂದ.

ಡೆಗ್ನರ್‌ನನ್ನು ಕೊಂಡ ಸುಜುಕಿಯೇ ಕರಾರನ್ನು ಹೇಗೆ ಕಂಡಿತು ಎಂಬುದಕ್ಕೂ ಉದಾಹರಣೆಯಿದೆ. ಮೋಟೋಜಿಪಿಯ ಸಂಘಟಕ ಸಂಸ್ಥೆ ಡೋರ್ನಾ ಜೊತೆ 2026ರವರೆಗೆ ಒಪ್ಪಂದವಿದ್ದಾಗಲೇ, 2022ರ ಮೇ ತಿಂಗಳಲ್ಲಿ, ಆ ವರ್ಷದ ಕೊನೆಗೆ ಹೊರಡುವುದಾಗಿ ಅದು ತಂಡಕ್ಕೆ ತಿಳಿಸಿತು. ಎರಡೇ ವರ್ಷದ ಹಿಂದೆ, 2020ರಲ್ಲಿ, ಜೋನ್ ಮಿರ್ ಅದಕ್ಕೆ ವಿಶ್ವ ಪಟ್ಟ ತಂದುಕೊಟ್ಟಿದ್ದ. ಮೆಕ್ಯಾನಿಕ್ಕುಗಳು, ಇಂಜಿನಿಯರುಗಳು ಬೇರೆ ಕೆಲಸ ಹುಡುಕುತ್ತಲೇ ಉಳಿದ ರೇಸುಗಳಿಗೆ ಬೈಕು ಸಿದ್ಧಮಾಡಿದರು. ನವೆಂಬರಿನಲ್ಲಿ ವೆಲೆನ್ಸಿಯಾದ ಕೊನೆಯ ರೇಸನ್ನು ಅಲೆಕ್ಸ್ ರಿನ್ಸ್ ಗೆದ್ದ. ಗೆದ್ದ ಬೈಕನ್ನು ಕಂಪನಿ ಮನೆಗೆ ಒಯ್ದಿತು. 1957ರ ಇಟಲಿಯ ಕಂಪನಿಗಳ ಲೆಕ್ಕವೇ ಇಲ್ಲೂ.

ಕಾಡೆನ್‌ನ ವಿದ್ಯೆ ಮಾತ್ರ ಯಾರ ಕರಾರಿಗೂ ಕಾಯಲಿಲ್ಲ. ಎಂವಿ ಅಗುಸ್ಟಾಗೆ 13 ಪಟ್ಟ ತಂದಿದ್ದ ಜಿಯಾಕೊಮೊ ಅಗೊಸ್ಟಿನಿ ಅದನ್ನು ಬಿಟ್ಟು ಯಮಹಾ ಸೇರಿ, 1975ರಲ್ಲಿ ಟೂ ಸ್ಟ್ರೋಕ್ ಮೇಲೆ 500 ಸಿಸಿ ಚಾಂಪಿಯನ್ ಆದ. ಅಂದಿನಿಂದ 2001ರವರೆಗೆ 500ರ ಪ್ರತಿಯೊಂದು ಪಟ್ಟವೂ ಟೂ ಸ್ಟ್ರೋಕಿನದೇ. ಬೀದಿಗೂ ಅದು ಇಳಿಯಿತು. 1984ರಲ್ಲಿ ಬೆಂಗಳೂರಿನ ಮಗ್ಗುಲ ಹೊಸೂರಿನಲ್ಲಿ ಸುಜುಕಿಯ ಟೂ ಸ್ಟ್ರೋಕ್ 100 ಸಿಸಿ ಬೈಕು ತಯಾರಾಗತೊಡಗಿತು. ಮರುವರ್ಷ ಯಮಹಾ ಆರ್‌ಎಕ್ಸ್ 100 ಬಂತು. ಅದಕ್ಕೆ ಬೆಂಗಳೂರು, ಮೈಸೂರಿನ ಗ್ಯಾರೇಜುಗಳಲ್ಲಿ ‘ಚೇಂಬರ್’ ಹಾಕಿಸಿಕೊಂಡು ಊರೆಲ್ಲ ಸದ್ದು ಮಾಡಿದ ಹುಡುಗರು ಆ ಉಬ್ಬುಕೊಳವೆಯ ತಂದೆಯ ಹೆಸರನ್ನು ಕೇಳಿರಲಿಕ್ಕಿಲ್ಲ.

ಗ್ರಾಂಪ್ರಿಯಲ್ಲಿ 125 ಸಿಸಿ ಟೂ ಸ್ಟ್ರೋಕ್ ಕೊನೆಯದಾಗಿ ಓಡಿದ್ದು 2011ರಲ್ಲಿ, ಕ್ರಿಸ್ಟಿಯಾನ್‌ಸ್ಟಾಡ್‌ನ ಆ ಭಾನುವಾರಕ್ಕೆ ಸರಿಯಾಗಿ 50 ವರ್ಷ ತುಂಬಿದ ಋತುವಿನಲ್ಲಿ. ಆ ಕೊನೆಯ ಪಟ್ಟ ಸ್ಪೇನಿನ ನಿಕೋ ತೆರೋಲ್‌ನದು. ಅವನ ಎಪ್ರಿಲಿಯಾದ ಇಂಜಿನ್ನನ್ನು ರೂಪಿಸಿದವನು ಡಚ್ ತಂತ್ರಜ್ಞ ಯಾನ್ ಟೀಲ್. ಅದು ಒಂಟಿ ಸಿಲಿಂಡರಿನಿಂದ ಕೊಡುತ್ತಿದ್ದ ಶಕ್ತಿ ಕಾಡೆನ್‌ನ 25ಕ್ಕೆ ಎರಡು ಪಟ್ಟಿಗಿಂತ ಹೆಚ್ಚು, ಸುಮಾರು 54 ಅಶ್ವಶಕ್ತಿ. ಮಿಶ್ರಣವನ್ನು ಅದರೊಳಗೆ ಬಿಡುತ್ತಿದ್ದದ್ದು ರೋಟರಿ ಡಿಸ್ಕ್.